ಎಡಗಾಲಿನದು ಒಂದು ಅಳತೆ ದೊಡ್ಡದು

ಪ್ರೀತಿಯ ಅಕ್ಕ, ಮನಾಂಗ್ ಇಸಿಂಗ್,

ಈ ಕಾಗದದ ಜೊತೆ ಒಂದು ಪೊಟ್ಟಣವೂ ಬಂದಿರುತ್ತದೆ. ನಿಮ್ಮ ಸ್ವಭಾವ ನನಗೆ ಗೊತ್ತು. ಮೊದಲು ಪೊಟ್ಟಣ ಬಿಚ್ಚುತ್ತೀರಿ, ಆಮೇಲೆ ಕನ್ನಡಕ ಹುಡುಕಿಕೊಂಡು ಕಾಗದ ಓದುತ್ತೀರಿ. ಈ ಒಂದು ಸಲ ಮಾತ್ರ ದಯವಿಟ್ಟು ಕಾಗದ ಮೊದಲು, ಪೊಟ್ಟಣ ಆಮೇಲೆ. ನಿಮ್ಮ ಪಾಸ್ಟರ್ ಆಗಿ ನಾನು ಹೇಳಿದ ಮಾತು ಕೇಳಿಯೇ ನಿಮಗೆ ಈ ಗತಿ ಬಂತು ಎನ್ನುವುದನ್ನು ಮರೆತು ಹೀಗೆ ಬರೆಯುತ್ತಿಲ್ಲ. ಆದರೂ ಕೇಳಿಕೊಳ್ಳುತ್ತಿದ್ದೇನೆ.

ನೀವು ಊರು ಬಿಟ್ಟು ಬಾಕೊಲೋಡ್‌ನ ಮಗಳ ಮನೆಗೆ ಹೋಗಿ ಎರಡು ವರ್ಷವಾಯಿತು. ಇಷ್ಟರಲ್ಲಿ ಮೂರು ಸಲ ಬರೆಯಲು ಕೂತೆ. ಮೂರು ಸಲವೂ ಮೊದಲ ಪುಟ ದಾಟುವ ಮುಂಚೆಯೇ ಬೈಬಲಿನ ವಾಕ್ಯಗಳು ಸಾಲುಗಟ್ಟಿ ಬಂದು ಕೂತುಬಿಟ್ಟವು. ಹರಿದು ಹಾಕಿದೆ. ನನಗೆ ಹೇಳಲು ಕಷ್ಟವಾದುದನ್ನೆಲ್ಲ ದೇವರ ಬಾಯಿಂದ ಹೇಳಿಸುವ ಚಟ ನನ್ನದು. ಈ ಸಲ ಒಂದು ವಾಕ್ಯವೂ ಇಲ್ಲ, ನೋಡಿ.

ಒಂಬತ್ತು ವರ್ಷದ ಹಿಂದೆ ಇಲೋಯ್ಲೋದ ದೊಡ್ಡ ಕ್ರೈಸ್ತ ಸಭೆಯವರು, ಗಿಮರಾಸ್ ದ್ವೀಪದ ಆ ಮೂಲೆಯಲ್ಲಿ ಹೊಸ ಸಭೆ ಕಟ್ಟು ಎಂದು ನನ್ನನ್ನು ಕಳಿಸಿದಾಗ ನನ್ನ ಹತ್ತಿರ ಇದ್ದದ್ದು ಒಂದು ಗಿಟಾರು ಮತ್ತು ಒಂದು ರಟ್ಟಿನ ಪೆಟ್ಟಿಗೆಯ ತುಂಬ ಪುಸ್ತಕ. ದೋಣಿಯಿಂದ ಇಳಿಯುವಷ್ಟರಲ್ಲಿ ಎರಡೂ ನೆನೆದು ತೊಪ್ಪೆಯಾಗಿದ್ದವು. ದಕ್ಕೆಯ ಪಕ್ಕದ ಗಂಜಿ ಅಂಗಡಿಯಿಂದ ನೀವು ಕೂಗಿದಿರಿ. "ಪುಸ್ತಕ ಎಲ್ಲಿಗೂ ಓಡಿಹೋಗಲ್ಲ, ಒಣಗತ್ತೆ. ನೀವ್ ಮೊದ್ಲು ಕೂತ್ಕೊಂಡ್ ಉಣ್ಣಿ." ಶುಂಠಿ ಹಾಕಿದ ಆ ಕೋಳಿ ಗಂಜಿಯ ರುಚಿ ಈಗಲೂ ನಾಲಿಗೆಯಲ್ಲಿದೆ. ನಾನು ಉಣ್ಣುತ್ತಿದ್ದಾಗ ಒಬ್ಬ ಎತ್ತರದ ಮನುಷ್ಯ ಏಣಿ ಹತ್ತಿ, ನನ್ನ ಪುಸ್ತಕಗಳನ್ನು ಒಂದೊಂದಾಗಿ ನಿಮ್ಮ ತಗಡಿನ ಮಾಡಿನ ಮೇಲೆ ಬಿಡಿಸಿ ಇಡುತ್ತಿದ್ದ. ಅವರೇ ಮನೋಂಗ್ ಬುರ್ಯೋ, ಊರಿಗೆಲ್ಲ ಬುರ್ಯೋ ಅಣ್ಣ, ದೋಣಿ ಕಟ್ಟುವ ಬಡಗಿ. ನಿಮ್ಮ ಗಂಡ ಎಂದುಕೊಂಡೆ. ಊರೂ ಇಪ್ಪತ್ತೆರಡು ವರ್ಷದಿಂದ ಹಾಗೆಯೇ ಅಂದುಕೊಂಡು ನೆಮ್ಮದಿಯಾಗಿತ್ತು.

ಸಭೆ ಶುರುವಾದದ್ದು ನಿಮ್ಮ ಮನೆಯಲ್ಲೇ, ಆ ಬಿದಿರು ಹಾಸಿನ ನೆಲದ ಮೇಲೆ. ಚಪ್ಪಲಿಗಳೆಲ್ಲ ಮೆಟ್ಟಿಲ ಕೆಳಗೆ, ನಾವು ಏಳೆಂಟು ಜನ ಮೇಲೆ. ಬೆಂಚುಗಳನ್ನು ಮಾಡಿಕೊಟ್ಟವರು ಮನೋಂಗ್ ಬುರ್ಯೋ. ಆದರೆ ಅವರು ಒಳಗೆ ಬಂದು ಅದರ ಮೇಲೆ ಕೂತದ್ದೇ ಇಲ್ಲ. ಕರೆದರೆ ಒಂದೇ ಉತ್ತರ. "ನನ್ ಮೈ ತುಂಬ ಮರದ ಪುಡಿ ಪಾಸ್ಟರ್. ನಾನ್ ಒಳಗ್ ಬಂದ್ರೆ ನಿಮ್ ದೇವ್ರು ಸೀನ್ತಾನೆ." ನೀವು ಒಲೆಯ ಮುಂದಿನಿಂದಲೇ, "ಬಿಡಿ ಪಾಸ್ಟರ್, ಇವನಿಗೆ ನರಕದಲ್ಲೂ ದೋಣಿ ರಿಪೇರಿ ಕೆಲ್ಸ ಸಿಗತ್ತೆ" ಅನ್ನುತ್ತಿದ್ದಿರಿ. "ಅಲ್ಲಿ ನೀರೆಲ್ಲಿದೆ ಮಾರಾಯ್ತಿ, ದೋಣಿ ಬೇಕಾಗೋಕೆ?" ಅನ್ನುತ್ತಿದ್ದರು ಅವರು. ಆ ನಗುವಿನ ನಡುವೆಯೇ ನಾನು ಪ್ರಾರ್ಥನೆ ಶುರು ಮಾಡಬೇಕಾಗುತ್ತಿತ್ತು. ಆಗ ಅದು ನನಗೆ ಕಿರಿಕಿರಿ. ಈಗ ಅದಕ್ಕಿಂತ ಒಳ್ಳೆಯ ಆರಾಧನೆ ನಾನು ಕಂಡಿಲ್ಲ.

ಮೀನು ಮಾರುವ ತಾಸ್ಯೋ ಒಳಗೆ ಬಂದ ಭಾನುವಾರ ನಿಮಗೆ ನೆನಪಿದೆಯಲ್ಲ. ರೊಟ್ಟಿ ಮುರಿದು ಹಂಚಿಕೊಳ್ಳುವ ಪ್ರಭುವಿನ ಭೋಜನ ನಡೆಯುತ್ತಿತ್ತು. ನೀವೇ ಸುಟ್ಟ ರೊಟ್ಟಿ, ಬಾಗಿಲ ಬಳಿ ಕೂತ ನಿಮ್ಮ ಕೈಗೆ ತಟ್ಟೆ ಬಂದಿತ್ತು. ಅಷ್ಟರಲ್ಲಿ ಬೀದಿಯಲ್ಲಿ ತಾಸ್ಯೋ ಬುಟ್ಟಿ ಹೊತ್ತು ಹೋಗುತ್ತಿದ್ದ. ಕೈಯಲ್ಲಿ ತಿನ್ನುವ ಪದಾರ್ಥವಿದ್ದು ಎದುರಿಗೆ ಮನುಷ್ಯ ಕಂಡರೆ ನಮ್ಮ ಜನರ ಬಾಯಲ್ಲಿ ತಾನಾಗಿ ಬರುವ ಮಾತು ನಿಮ್ಮ ಬಾಯಲ್ಲೂ ಬಂತು. "ಬಾ ತಾಸ್ಯೋ, ತಿನ್ನೋಣ." ಕರೆದವರಿಗೂ ಗೊತ್ತು, ಕರೆಸಿಕೊಂಡವರಿಗೂ ಗೊತ್ತು, ಅದು ಬಾಯಿಮಾತು. ಈಗ ತಾನೇ ಆಯ್ತು ಎಂದು ಹೋಗಿಬಿಡುವುದು ಮರ್ಯಾದೆ. ಆದರೆ ಅವನು ಅವತ್ತು ಹಸಿದಿದ್ದನೋ ಏನೋ, ಬುಟ್ಟಿ ಇಳಿಸಿ, ಚಪ್ಪಲಿ ಬಿಟ್ಟು ಮೇಲೆ ಬಂದು ರೊಟ್ಟಿಯ ಚೂರನ್ನು ಬಾಯಿಗೆ ಹಾಕಿಕೊಂಡೇ ಬಿಟ್ಟ. "ಇಷ್ಟೇನಾ? ಒಣಮೀನಾದ್ರೂ ಇಲ್ವಾ?" ಎಂದ. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಗದೇ ಇದ್ದವರು ಇಬ್ಬರು. ಒಬ್ಬರು ಸಭೆಯ ಹಿರಿಯರಾದ ಎಲಿಸಿಯೋ, ಇನ್ನೊಬ್ಬ ನಾನು.

ಅವತ್ತು ಮಧ್ಯಾಹ್ನ ಎಲಿಸಿಯೋ ನನ್ನನ್ನು ಪಕ್ಕಕ್ಕೆ ಕರೆದು, "ಪಾಸ್ಟರ್, ಇದು ಸಭೆನೋ, ಗಂಜಿ ಅಂಗ್ಡಿನೋ? ಯಾರು ನಮ್ಮೋರು, ಯಾರು ಅಲ್ಲ ಅಂತ ಒಂದು ಗೆರೆ ಬೇಡ್ವಾ?" ಎಂದರು. ನನಗೂ ಆ ಗೆರೆ ಬೇಕಿತ್ತು. ಇಲೋಯ್ಲೋದಿಂದ ಪ್ರತಿ ತಿಂಗಳೂ ಎಷ್ಟು ಜನ ಸದಸ್ಯರು ಎಂದು ಕೇಳುತ್ತಿದ್ದರು, ನಾನು ಸುಮಾರು ಇಷ್ಟು ಎಂದು ಬರೆದು ಬರೆದು ನಾಚಿಕೊಂಡಿದ್ದೆ. ಹಸಿರು ರಟ್ಟಿನ ಒಂದು ದಪ್ಪ ಪುಸ್ತಕ ತರಿಸಿದೆ. ಆರು ವಾರದ ಪಾಠ, ಒಂಬತ್ತು ಅಂಶದ ಪ್ರತಿಜ್ಞೆ, ಸಹಿ, ಹೆಸರು ಬರೆದ ಕಾರ್ಡು. ಕಾರ್ಡು ಇದ್ದವರಿಗೆ ಮಾತ್ರ ರೊಟ್ಟಿ. ಪುಸ್ತಕದ ಮೊದಲ ಪುಟದಲ್ಲಿ ನನ್ನ ಕೈಬರಹ ಎಷ್ಟು ದುಂಡಗೆ ಬಂದಿತ್ತು ಎಂದರೆ ಮತ್ತೆ ಮತ್ತೆ ತೆಗೆದು ನೋಡಿಕೊಂಡೆ.

ಏಳನೆಯ ಅಂಶವನ್ನು ಬರೆಯುವಾಗ ನನ್ನ ತಲೆಯಲ್ಲಿ ನೀವು ಇರಲಿಲ್ಲ, ಇದನ್ನು ನಂಬಿ. ಕಾನೂನಿನಂತೆ ಮದುವೆಯಾದವರ ಜೊತೆ ಮಾತ್ರ ಬಾಳುತ್ತೇನೆ ಎಂದು ಊರಿನ ಹರೆಯದವರಿಗಾಗಿ ಬರೆದೆ. ನಿಮ್ಮ ಮೊದಲ ಗಂಡ ಹಡಗಿನ ಕೆಲಸಕ್ಕೆಂದು ಹೋದವನು ಸೆಬುವಿನಲ್ಲಿ ಇನ್ನೊಂದು ಸಂಸಾರ ಹೂಡಿ ಕೂತದ್ದು ನನಗೆ ಗೊತ್ತಾದದ್ದೇ ಪಾಠದ ಐದನೆಯ ವಾರದಲ್ಲಿ, ನೀವಾಗಿ ಹೇಳಿದಾಗ. ಅವನನ್ನು ಬಿಡಲು ನಮ್ಮ ದೇಶದಲ್ಲಿ ವಿಚ್ಛೇದನದ ಕಾನೂನೇ ಇಲ್ಲ, ಕೋರ್ಟಿಗೆ ಹೋಗಿ ಮದುವೆ ರದ್ದು ಮಾಡಿಸುವುದು ಗಂಜಿ ಮಾರುವವರ ಕೈಲಾಗುವ ಮಾತಲ್ಲ. ಕೂಸಾಗಿದ್ದ ಮಗಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ್ದು ಮನೋಂಗ್ ಬುರ್ಯೋ. ಇದೆಲ್ಲ ಕೇಳಿದ ಮೇಲಾದರೂ ನಾನು ಆ ಏಳನೆಯ ಸಾಲಿನ ಮೇಲೆ ಒಂದು ಗೀಟು ಎಳೆಯಬಹುದಿತ್ತು. ಪೆನ್ನು ನನ್ನ ಜೇಬಿನಲ್ಲೇ ಇತ್ತು.

ಕಾರ್ಡಿಲ್ಲದೆ ಮೂರು ತಿಂಗಳು ನೀವು ರೊಟ್ಟಿ ಸುಟ್ಟು ತಂದುಕೊಟ್ಟಿರಿ, ತಟ್ಟೆ ನಿಮ್ಮನ್ನು ದಾಟಿ ಪಕ್ಕದವರಿಗೆ ಹೋಯಿತು. ನೀವು ಅದನ್ನು ಎರಡೂ ಕೈಯಲ್ಲಿ ಹಿಡಿದು ಆಚೆ ಕೊಡುತ್ತಿದ್ದಿರಿ. ಒಂದು ದಿನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಸೌಟು ಕೆಳಗಿಟ್ಟು ಕೇಳಿದಿರಿ. "ಪಾಸ್ಟರ್, ಅವ್ನು ಬೇರೆ ಕಡೆ ಮಲಗಿದ್ರೆ ಆಗತ್ತಾ?" ಹೌದು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ ನಾನು. ನಿಮ್ಮ ವಿಧೇಯತೆಯನ್ನು ದೇವರು ನೋಡುತ್ತಾನೆ ಎಂದೆ. ನನ್ನ ಬದುಕಿನಲ್ಲಿ ನಾನು ಆಡಿದ ಅತ್ಯಂತ ಹೇಡಿ ಮಾತು ಅದು.

ಮನೋಂಗ್ ಬುರ್ಯೋ ಬಾಚಿ, ಗರಗಸ, ಒಂದು ಪಾತ್ರೆ ತೆಗೆದುಕೊಂಡು ದಡದ ಮೇಲಿನ ದೋಣಿ ಕೊಟ್ಟಿಗೆಗೆ ಹೋದರು. ನಿಮ್ಮ ಮನೆಯಿಂದ ಇನ್ನೂರು ಹೆಜ್ಜೆ. ಹೋಗುವಾಗ ಅವರು ಹೇಳಿದ್ದನ್ನು ನೀವೇ ನನಗೆ ಹೇಳಿದ್ದಿರಿ. "ನಿನ್ ದೇವ್ರ ಜೊತೆ ಜಗಳ ಆಡೋಕ್ ನಂಗಾಗಲ್ಲ ಇಸಿಂಗ್. ಗಂಜಿಗೆ ಉಪ್ಪು ಜಾಸ್ತಿ ಹಾಕ್ಬೇಡ, ನೋಡ್ಕೊಳ್ಳೋಕೆ ನಾನಿರಲ್ಲ." ನಾನು ಇದನ್ನು ಒಂದು ಭಾನುವಾರದ ಬೋಧನೆಯಲ್ಲಿ ತ್ಯಾಗದ ಉದಾಹರಣೆಯಾಗಿ ಬಳಸಿಕೊಂಡೆ. ಎಲ್ಲರೂ ಮೆಚ್ಚಿ ತಲೆದೂಗಿದರು.

ಹಸಿರು ಪುಸ್ತಕದಲ್ಲಿ ನೀವು ಮೂವತ್ತೊಂದನೆಯವರು. ಸಹಿ ಮಾಡಿದ ದಿನ ರೊಟ್ಟಿ ಬಾಯಿಗಿಟ್ಟುಕೊಂಡು ಅತ್ತಿರಿ. ಸಂತೋಷದ ಕಣ್ಣೀರು ಎಂದು ನಾನು ಸಭೆಗೆ ಹೇಳಿದೆ. ಆರಾಧನೆ ಮುಗಿದು ಎಲ್ಲರೂ ಇಳಿದಾಗ ನಿಮ್ಮ ಹಳೆಯ ಚಪ್ಪಲಿ ಇರಲಿಲ್ಲ. ಆ ಜಾಗದಲ್ಲಿ ಹೊಸ ಜೊತೆಯೊಂದು ಇತ್ತು, ಕಂದು ಬಣ್ಣದ್ದು. ನೀವು ಮೆಟ್ಟಿ ನೋಡಿದಿರಿ. ಹಳೆಯ ಬಾವಿನಿಂದ ದಪ್ಪಗಾದ ನಿಮ್ಮ ಎಡಗಾಲು ಸಲೀಸಾಗಿ ಒಳಗೆ ಹೋಯಿತು, ಎಡದ್ದು ಒಂದು ಅಳತೆ ದೊಡ್ಡದಿತ್ತು. ನೀವು ಮೆಟ್ಟಿಲ ಮೇಲೆ ನಿಂತ ನನ್ನನ್ನು ನೋಡಿ, ಮುಖವೆಲ್ಲ ಅರಳಿ, "ನನ್ ಎಡಗಾಲು ದಪ್ಪ ಅಂತ ನಿಮಗ್ ಹೇಗ್ ಗೊತ್ತಾಯ್ತು ಪಾಸ್ಟರ್? ದೇವ್ರು ಹೇಳಿದ್ನಾ?" ಎಂದಿರಿ.

ನಾನು ನಕ್ಕೆ. ಅಷ್ಟೇ, ನಕ್ಕೆ.

ಮನಾಂಗ್, ಆ ಚಪ್ಪಲಿ ನಾನು ತಂದದ್ದಲ್ಲ. ಸಭೆಯೂ ತಂದದ್ದಲ್ಲ. ಕೊನೆಯ ಹಾಡು ಹಾಡಿಸುತ್ತಿದ್ದಾಗ ಕಿಟಕಿಯಿಂದ ನಾನು ಕಂಡೆ. ಮನೋಂಗ್ ಬುರ್ಯೋ ಮೆಟ್ಟಿಲ ಕೆಳಗೆ ಬಗ್ಗಿ, ಅಷ್ಟೊಂದು ಚಪ್ಪಲಿಗಳ ನಡುವೆ ನಿಮ್ಮದನ್ನು ಒಂದೇ ನೋಟಕ್ಕೆ ಗುರುತಿಸಿ ಎತ್ತಿಕೊಂಡು, ಹೊಸದನ್ನು ಜೋಡಿಸಿಟ್ಟರು. ತಲೆ ಎತ್ತಿದಾಗ ನಮ್ಮಿಬ್ಬರ ಕಣ್ಣು ಕೂಡಿತು. ಅವರು ಸುಮ್ಮನಿರಿ ಎನ್ನಲಿಲ್ಲ, ಹೇಳಿ ಎಂದೂ ಸನ್ನೆ ಮಾಡಲಿಲ್ಲ. ನನ್ನ ಮೇಲೆ ಬಿಟ್ಟು ಹೋದರು. ನಾನು ಯಾಕೆ ಹೇಳಲಿಲ್ಲ ಗೊತ್ತೇ? ಹೇಳಿದರೆ ನೀವು ಆ ಇನ್ನೂರು ಹೆಜ್ಜೆಯನ್ನು ಅದೇ ಹೊಸ ಚಪ್ಪಲಿಯಲ್ಲಿ ನಡೆದುಬಿಡುತ್ತೀರಿ ಎಂದು ಹೆದರಿದೆ. ಮೂವತ್ತೊಂದು ಮತ್ತೆ ಮೂವತ್ತಾಗುತ್ತದೆ ಎಂದು ಹೆದರಿದೆ. ಇನ್ನೊಬ್ಬನ ಪ್ರೀತಿಗೆ ಸಲ್ಲಬೇಕಾದ ನಿಮ್ಮ ಕೃತಜ್ಞತೆಯನ್ನು ನಾನು ಮುಗುಳ್ನಕ್ಕು ಇಟ್ಟುಕೊಂಡೆ.

ಹದಿನಾಲ್ಕು ತಿಂಗಳಾದ ಮೇಲೆ, ಆ ನೈಋತ್ಯದ ಗಾಳಿ ಒಂದು ವಾರ ಬಿಡದೆ ಬೀಸಿದಾಗ ಅವರಿಗೆ ಜ್ವರ ಬಂತು. ನೀವು ಪಕ್ಕದ ಮನೆಯವರ ಕೈಯಲ್ಲಿ ದಿನವೂ ಗಂಜಿ ಕಳಿಸುತ್ತಿದ್ದಿರಿ, ನೀವೇ ಹೋಗಬಾರದು ಎನ್ನುವುದು ನಮ್ಮ ನಿಯಮ. ಭಾನುವಾರ ಬೆಳಿಗ್ಗೆ ಕೊಟ್ಟಿಗೆಯಿಂದ ಹೊಗೆ ಏಳದ್ದನ್ನು ತಾಸ್ಯೋ ನೋಡಿದ. ಅವನು ಓಡಿ ಬಂದು ಕೂಗಿದಾಗ ನಾವು ಮೇಲೆ ಹಾಡುತ್ತಿದ್ದೆವು. ನೀವು ಬರಿಗಾಲಲ್ಲಿ ಓಡಿದಿರಿ. ಶನಿವಾರದ ಗಂಜಿ ಮುಚ್ಚಳ ತೆಗೆಯದೆ ಹಾಗೇ ಇತ್ತು.

ಮಣ್ಣು ಮಾಡುವ ದಿನ ಸದಸ್ಯರಲ್ಲದವರಿಗೆ ಸಭೆಯ ವಿಧಿ ಇಲ್ಲ ಎಂದು ಎಲಿಸಿಯೋ ನೆನಪಿಸಿದರು. ನಿಯಮ ನನ್ನದೇ ಆಗಿತ್ತು, ನಾನು ನೆರೆಯವನಂತೆ ನಿಂತು ಒಂದು ಪುಟ್ಟ ಪ್ರಾರ್ಥನೆ ಮಾಡಿದೆ. ನೀವು ಹತ್ತಿರ ಬಂದು ನಿಮ್ಮ ಕಾರ್ಡನ್ನು ನನ್ನ ಅಂಗಿಯ ಜೇಬಿಗೆ ಹಾಕಿದಿರಿ. "ಇದ್ರಲ್ಲಿ ಒಂದೇ ಹೆಸ್ರಿಗೆ ಜಾಗ ಇದೆ ಪಾಸ್ಟರ್." ಅದರಾಚೆ ಒಂದು ಬೈಗುಳವೂ ಇಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆ ದಿನವೂ ನಿಮ್ಮ ಕಾಲಲ್ಲಿ ಕಂದು ಚಪ್ಪಲಿ ಇತ್ತು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ವಾರ ಕಳೆಯುವುದರೊಳಗೆ ನೀವು ದೋಣಿ ಹತ್ತಿದಿರಿ.

ನೀವು ಹೋದ ಮೇಲೆ ಕೊಟ್ಟಿಗೆ ಗುಡಿಸಲು ನಾನೇ ಹೋದೆ. ಗೋಡೆಯ ಮೊಳೆಗೆ ಕಂದು ಬಣ್ಣದ ಇನ್ನೊಂದು ಜೊತೆ ಚಪ್ಪಲಿ ನೇತಾಡುತ್ತಿತ್ತು, ಒಮ್ಮೆಯೂ ಮೆಟ್ಟದ್ದು. ಎಡದ್ದು ಚಿಕ್ಕದು, ಬಲದ್ದು ದೊಡ್ಡದು. ಸ್ವಲ್ಪ ಹೊತ್ತು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ನಿಮ್ಮ ಎರಡು ಕಾಲಿಗೆ ಸರಿಹೋಗಲಿ ಎಂದು ಅವರು ಎರಡು ಅಳತೆಯ ಎರಡು ಜೊತೆ ತಂದಿದ್ದರು. ಉಳಿದ ಎರಡು ಈ ಭೂಮಿಯ ಮೇಲೆ ಯಾರ ಕಾಲಿಗೂ ಆಗುವಂಥವಲ್ಲ. ಬಿಸಾಡಲು ಮನಸ್ಸಾಗದೆ ತೂಗುಹಾಕಿಕೊಂಡಿದ್ದರು. ನನಗೂ ಮನಸ್ಸಾಗಲಿಲ್ಲ, ಮೊಳೆಯಿಂದ ಇಳಿಸಿ ತಂದುಕೊಂಡೆ.

ಹಸಿರು ಪುಸ್ತಕವನ್ನು ಎಲಿಸಿಯೋ ಅವರ ಕೈಗೆ ಕೊಟ್ಟು ಆ ಸಭೆಯಿಂದ ಹೊರಬಂದೆ. ಯಾರೂ ಓಡಿಸಲಿಲ್ಲ. ಈಗ ದ್ವೀಪದ ಇನ್ನೊಂದು ಬದಿಯಲ್ಲಿ, ಬಲೆ ಹೆಣೆಯುವ ಚಪ್ಪರದ ಕೆಳಗೆ ಹನ್ನೊಂದು ಜನ ಸೇರುತ್ತೇವೆ. ಹೋದ ತಿಂಗಳು ಒಬ್ಬ ಮುದುಕಿ ಕೇಳಿದಳು. "ಇಲ್ಲಿ ಸದಸ್ಯರಾಗೋದ್ ಹೇಗಪ್ಪಾ? ಎಲ್ಲಿ ಹೆಬ್ಬೆಟ್ಟು ಒತ್ಬೇಕು?" ನೀನು ಒಂದು ಭಾನುವಾರ ಬಾರದೇ ಹೋದರೆ ನಮ್ಮಲ್ಲಿ ಯಾರಾದರೂ ನಿನ್ನ ಮನೆಗೆ ನಡೆದು ಬರುತ್ತೇವೆ, ನೀನೂ ಹಾಗೆ ನಡೆಯಬೇಕು, ಅಷ್ಟೇ ಎಂದೆ. ಅವಳಿಗೆ ಅದು ಸಾಲಲಿಲ್ಲ, ಒಂದು ಕಾರ್ಡಾದರೂ ಕೊಡು ಎಂದಳು. ಸದಸ್ಯತ್ವ ಎಂದರೇನು ಎಂದು ನಾನು ಮೂರು ವರ್ಷ ಪಾಸ್ಟರುಗಳ ಪಾಠಶಾಲೆಯಲ್ಲಿ ಕಲಿತಿದ್ದೆ. ಯಾರ ಯಾವ ಕಾಲು ದಪ್ಪ ಎಂದು ತಿಳಿದಿರುವುದು ಅದು ಎಂದು ಬಾಗಿಲ ಹೊರಗೇ ನಿಂತಿದ್ದ ಒಬ್ಬ ಬಡಗಿಗೆ ಗೊತ್ತಿತ್ತು. ರೊಟ್ಟಿ ಮುರಿಯುವ ಮುಂಚೆ ನಾವೀಗ ಬೀದಿಯ ಕಡೆ ತಿರುಗಿ, "ಬನ್ನಿ, ತಿನ್ನೋಣ" ಅನ್ನುತ್ತೇವೆ. ಹೆಚ್ಚಿನವರು ಈಗ ತಾನೇ ಆಯ್ತು ಎಂದು ನಕ್ಕು ಹೋಗುತ್ತಾರೆ.

ಇದನ್ನು ಬರೆದು ನಿಮ್ಮಿಂದ ಕ್ಷಮೆ ಗಿಟ್ಟಿಸಿಕೊಳ್ಳುವ ಆಸೆ ನನಗಿಲ್ಲ. ಇದೆ ಅನ್ನಿ, ಆದರೆ ಕೇಳುವ ಮುಖವಿಲ್ಲ. ಮರಳಿ ಬನ್ನಿ ಎಂದೂ ಕರೆಯುವುದಿಲ್ಲ. ಅವತ್ತು ಮೆಟ್ಟಿಲ ಬಳಿ ನೀವು ನನ್ನ ಕಡೆ ತಿರುಗಿಸಿದ ಆ ಅರಳಿದ ಮುಖ ನನ್ನದಾಗಿರಲಿಲ್ಲ. ಮೂರು ವರ್ಷ ಇಟ್ಟುಕೊಂಡಿದ್ದೆ. ಈಗ ಅದು ಯಾರಿಗೆ ಸೇರಬೇಕೋ ಅವರಿಗೆ ಸೇರಲಿ.

ನಿಮ್ಮ ಎಡಗಾಲಿನ ಬಾವು ಇಳಿಯಲಿ. ನಿಮ್ಮ ಒಲೆ ಆರದಿರಲಿ. ಎಂದಾದರೂ ದೇವರ ಊರಿನ ಬಾಗಿಲು ನಿಮಗಾಗಿ ತೆರೆದಾಗ, ಮೈ ತುಂಬ ಮರದ ಪುಡಿ ಮೆತ್ತಿಕೊಂಡ ಒಬ್ಬರು ಒಳಗಿನಿಂದಲೇ ನಿಮ್ಮನ್ನು ಉಣ್ಣಲು ಕರೆಯಲಿ.

ನಿಮ್ಮ ಪಾಸ್ಟರ್ ಎಂದು ಬರೆದುಕೊಳ್ಳುವ ಯೋಗ್ಯತೆ ಇಲ್ಲದ, ನಿಮ್ಮ ಗಂಜಿ ಉಂಡ,
ಎಫ್ರೆನ್

ಈಗ ಪೊಟ್ಟಣ ಬಿಚ್ಚಿ, ಮನಾಂಗ್.