ರಿಪೇರಿ ನಡೆಯುತ್ತಿದೆ

ಮಾರ್ಚ್ ೩, ಬೆಳಿಗ್ಗೆ ೯
ಕೇಬಲ್ಲು, ಬ್ರೇಕು, ಬಾಗಿಲು — ಎಲ್ಲ ನೋಡಿದ್ದಾಯಿತು. ಹನ್ನೆರಡು ಮಹಡಿ, ಎರಡು ಲಿಫ್ಟು, ಹತ್ತೊಂಬತ್ತು ವರ್ಷ. ಒಂದು ದಿನವೂ ಕೈಕೊಟ್ಟಿಲ್ಲ. 'ರಿಪೇರಿ ನಡೆಯುತ್ತಿದೆ' ಬೋರ್ಡು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ. ಬೇರೆ ಯಾವ ಮೆಕ್ಯಾನಿಕ್ ಹೀಗೆ ಎದೆ ತಟ್ಟಿ ಹೇಳುತ್ತಾನೋ ನೋಡೋಣ. ಮಧ್ಯಾಹ್ನ ಕಂಪನಿ ಡಾಕ್ಟರ ಹತ್ತಿರ ಚೆಕಪ್. ಸುಮ್ಮನೆ ಕಾಟಾಚಾರಕ್ಕೆ.

ಸಂಜೆ
ಫೇಲ್! ಒಂಟಿ ಕಾಲಲ್ಲಿ, ಕಣ್ಣು ಮುಚ್ಚಿ, ಹತ್ತು ಸೆಕೆಂಡ್ ನಿಲ್ಲಬೇಕಂತೆ. ನಾಲ್ಕಕ್ಕೇ ವಾಲಿ ಮೇಜು ಹಿಡಿದುಕೊಂಡೆ.
"ಕೊನೇ ಸಲ ಮೆಟ್ಟಿಲು ಹತ್ತಿದ್ದು ಯಾವಾಗ?"
"ನಾನು ಲಿಫ್ಟಿನವನು ಸಾರ್. ಮೆಟ್ಟಿಲು ಯಾಕೆ ಹತ್ಲಿ?"
"ಅದಕ್ಕೇ ಹೀಗಾಗಿರೋದು. ಬೈಕು, ಲಿಫ್ಟು, ಸೋಫಾ. ಕೆಲ್ಸ ಕೊಡ್ದಿದ್ರೆ ಕಾಲು ನಿಲ್ಲೋದನ್ನೇ ಮರ್ತುಬಿಡುತ್ತೆ."
ಒಂದು ತಿಂಗಳ ಗಡುವು. ಆಗಲೂ ವಾಲಿದರೆ ಲಿಫ್ಟಿನ ಮೇಲೆ ನಿಂತು ಮಾಡುವ ಕೆಲಸ ಬಂದ್. ಆಫೀಸಿನಲ್ಲಿ ಕೂತು ದೂರಿನ ಫೋನು ಎತ್ತಬೇಕು. ನಾನು!
ಹೆಂಡತಿಗೆ ನಕ್ಕು ನಕ್ಕು ಸುಸ್ತು. "ಆ ಬೋರ್ಡನ್ನ ನಿಮ್ಮ ಕೊರಳಿಗೇ ಹಾಕ್ಕೊಳ್ಳಿ."

ಮಾರ್ಚ್ ೪
ಮೆಟ್ಟಿಲು. ಮೂರನೇ ಮಹಡಿಗೇ ಏದುಸಿರು. ಕದ್ದು ಹತ್ತಿದೆ. ಯಾರೂ ನೋಡಲಿಲ್ಲ, ಪುಣ್ಯ.

ಮಾರ್ಚ್ ೧೧
ಆರನೇ ಮಹಡಿ. ಸೀಟಿ ಹೊಡೆಯುತ್ತ ಹತ್ತೋಣ ಎಂದುಕೊಂಡಿದ್ದೆ, ಎದೆಯೇ ಸೀಟಿ ಹೊಡೆಯಿತು. ಹಲ್ಲುಜ್ಜುವಾಗ ಒಂಟಿ ಕಾಲು — ಏಳು ಸೆಕೆಂಡ್.

ಮಾರ್ಚ್ ೧೪
ಎಡವಟ್ಟಾಯಿತು. ನಾಲ್ಕನೇ ಮಹಡಿಯ ರಿಟೈರ್ಡ್ ಟೀಚರಮ್ಮ ನನ್ನನ್ನು ಮೆಟ್ಟಿಲ ಮೇಲೆ ನೋಡಿಬಿಟ್ಟರು. ಲಿಫ್ಟಿನವನೇ ಮೆಟ್ಟಿಲು ಹತ್ತುತ್ತಿದ್ದಾನೆ ಅಂದಮೇಲೆ ಲಿಫ್ಟು ಕೆಟ್ಟಿದೆ ಎಂದೇ ಅರ್ಥ. ಅರ್ಧ ಗಂಟೆಯಲ್ಲಿ ಬಿಲ್ಡಿಂಗಿಗೆಲ್ಲ ಡಂಗುರ. ಹತ್ತನೇ ಮಹಡಿಯವರೂ ಚೀಲ ಹೊತ್ತು ಬೈದುಕೊಳ್ಳುತ್ತ ಇಳಿದರು. ಖಾಲಿ ಲಿಫ್ಟು ಮಾತ್ರ ಬಾಗಿಲು ತೆರೆದು ನಿಂತಿತ್ತು. ಕಂಪನಿಗೆ ಮೂರು ದೂರು. ಹತ್ತೊಂಬತ್ತು ವರ್ಷದ ಮರ್ಯಾದೆ ನೀರುಪಾಲು...
ಮೆಟ್ಟಿಲು ಬಿಟ್ಟರೆ ನನ್ನ ಕೆಲಸ ಹೋಗುತ್ತದೆ. ಹತ್ತಿದರೆ ಲಿಫ್ಟಿನ ಹೆಸರು ಹೋಗುತ್ತದೆ. ಊಟ ಸೇರಲಿಲ್ಲ.

ಮಾರ್ಚ್ ೧೫
ಕವರು ಹರಿದೆ. ಬೋರ್ಡನ್ನು ನಿಜವಾಗಿಯೂ ಕೊರಳಿಗೆ ಹಾಕಿಕೊಂಡು, ಎಲ್ಲರೂ ಕೆಲಸಕ್ಕೆ ಹೊರಡುವ ಹೊತ್ತಿಗೇ ಮೆಟ್ಟಿಲು ಹತ್ತಿದೆ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.
"ಲಿಫ್ಟು ಗುಂಡುಕಲ್ಲಿನ ಥರ ಇದೆ ಟೀಚರಮ್ಮ. ರಿಪೇರಿಗೆ ಬಂದಿರೋದು ನಾನು."
ಅವರು ನಗಲಿಲ್ಲ. ಕಂಬಿ ಹಿಡಿದರು. "ನನ್ನ ಮಂಡೀನೂ ಲಿಸ್ಟಿಗೆ ಸೇರಿಸ್ಕೊಳ್ಳಪ್ಪ. ಒಂದು ಮಹಡಿ ನಾನೂ ಬರ್ತೀನಿ."

ಏಪ್ರಿಲ್ ೩
ಪಾಸ್! ಹತ್ತಕ್ಕೆ ಡಾಕ್ಟರು "ಸಾಕು" ಅಂದರು. ಕಾಲು ಇಳಿಸಲಿಲ್ಲ. ಇಪ್ಪತ್ತಮೂರರ ತನಕ ಪಾಪ, ಅವರೇ ಎಣಿಸಬೇಕಾಯಿತು. ವಾಪಸ್ ಬಂದು ಹನ್ನೆರಡೂ ಮಹಡಿ ಹತ್ತಿ ಲಿಫ್ಟಿನ ನೆತ್ತಿಯ ಮೇಲೆ ನಿಂತೆ. ಕಾಲು ಅಲುಗಲಿಲ್ಲ. ಕಣ್ಣಲ್ಲಿ ನೀರು ಬಂತು, ಧೂಳಿಗಲ್ಲ.
ಹೆಂಡತಿ ಮಾತ್ರ ನಂಬುತ್ತಿಲ್ಲ. "ಇಪ್ಪತ್ಮೂರಾ? ರೈಲು ಬಿಡ್ಬೇಡಿ." ಅದಕ್ಕೇ ಇದನ್ನು ಒಂಟಿ ಕಾಲಲ್ಲಿ ನಿಂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಎಣಿಸುತ್ತಿದ್ದಾಳೆ. ಇಪ್ಪತ್ತೆರಡು... ಇಪ್ಪತ್ತಮೂರು... ದನಿ ಇಳಿಯಿತು! ಈಗ ಕಣ್ಣೂ ಮುಚ್ಚಿ ಬರೆ—