ಐದನೆಯ ಹೆಸರು

ರಸ್ಟೆನ್‌ಬರ್ಗ್,
ಮಂಗಳವಾರ, ಜುಲೈ 22, 2025

ಮುನಿಸಿಕೊಂಡಿರುವ ನನ್ನ ಮಗಳು ಬೊನೊಲೊಗೆ,

ಹೇಗಿದ್ದೀಯ? ಎಡ ಮೊಣಕಾಲಿನ ನೋವು ಈ ಚಳಿಗೆ ಮತ್ತೆ ಶುರುವಾಗಿದೆಯೇ? ಕಿಂಬರ್ಲಿಯ ಚಳಿ ನಮ್ಮ ಚಳಿಯಂತಲ್ಲ, ಮೂಳೆಗೇ ಇಳಿಯುತ್ತದೆ ಎಂದು ಕೇಳಿದ್ದೇನೆ. ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ಹೀಟರ್ ಇದೆಯೋ ಇಲ್ಲವೋ ಎಂದು ನಿನ್ನ ಅಪ್ಪನನ್ನು ಕೇಳಿದರೆ "ನೀನೇ ಕೇಳ್ಕೋ" ಎನ್ನುತ್ತಾರೆ. ಹೇಗೆ ಕೇಳಲಿ? ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜ್ ಕಳಿಸಿದರೆ ಎರಡು ನೀಲಿ ಗೆರೆ ಮೂಡಿ ಅಷ್ಟಕ್ಕೇ ನಿಲ್ಲುತ್ತದೆ. ಹನ್ನೊಂದು ತಿಂಗಳಾಯಿತು ಮಗಳೇ. ಅದಕ್ಕೇ ಈ ಕಾಗದ. ಹಿಂದಿನ ಬೀದಿಯ ವ್ಯಾನ್ ಡ್ರೈವರ್ ನಾಳೆ ಕಿಂಬರ್ಲಿಗೆ ಹೊರಟಿದ್ದಾನೆ. ನೀನು ಕೈಯಾರೆ ತೆಗೆದುಕೊಳ್ಳುವ ತನಕ ಬಾಗಿಲು ಬಿಟ್ಟು ಕದಲಬೇಡ ಎಂದು ಅವನಿಗೆ ತಾಕೀತು ಮಾಡಿದ್ದೇನೆ. ಪಾಪ, ಅವನಿಗೆ ಒಂದು ಲೋಟ ಚಹಾ ಕೊಡು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಸಕ್ಕರೆ ಹತೋಟಿಯಲ್ಲಿದೆ. ನಾನು ಕಾಯುವ ಹಾಸ್ಟೆಲಿನ ಮುನ್ನೂರು ಹುಡುಗಿಯರು ರಜೆ ಮುಗಿಸಿ ಬಂದಿದ್ದಾರೆ, ನನ್ನ ಗಂಟಲಿಗೆ ಮತ್ತೆ ಕೆಲಸ ಸಿಕ್ಕಿದೆ. ನಿನ್ನ ಅಪ್ಪ ಹಿತ್ತಲಿನ ಪಾಲಕ್ ಸಾಲುಗಳ ಮೇಲೆ ಹಳೆಯ ಚಾದರಗಳನ್ನು ಹೊದಿಸಿ ರಾತ್ರಿ ಹೆಪ್ಪುಗಟ್ಟುವ ಇಬ್ಬನಿಯಿಂದ ಕಾಪಾಡುತ್ತಿದ್ದಾರೆ. ನನ್ನ ಹೊದಿಕೆ ಜಾರಿದರೆ ನೋಡದವರು ಸೊಪ್ಪಿಗೆ ಎರಡೆರಡು ಹೊದಿಸುತ್ತಾರೆ. ನೀನು ಹೋದ ಮೇಲೆ ಎರಡು ವಾರ ಅವರು ನನ್ನೊಡನೆ ಊಟದ ಮೇಜಿನಲ್ಲಿ ಮಾತಾಡಲಿಲ್ಲ. ಈಗ ಮಾತಾಡುತ್ತಾರೆ, ಆದರೆ ಉಪ್ಪು ಕೇಳುವಷ್ಟೇ. ನಿನ್ನ ಸೋದರತ್ತೆ ಕಳೆದ ತಿಂಗಳು ಬಂದು ಮೂರು ದಿನ ಕೂತಿದ್ದಳು. "ಪಿಸ್ತೂಲ್ ಹಿಡಿದ ಹುಡುಗೀಗೆ ಯಾವ ಮನೆಯವ್ರು ತೆರಕ್ಕೆ ದನ ಕೊಟ್ಟು ಕರ್ಕೊಂಡು ಹೋಗ್ತಾರೆ? ತಾಯೀನೇ ಕೆಡಿಸಿದ್ಲು" ಎಂದು ನೆರೆಮನೆಯವರಿಗೂ ಕೇಳುವಂತೆ ಹೇಳಿದಳು. ಬರುವವನು ಮೊದಲು ನಿನ್ನ ಶೂಟಿಂಗ್ ಅಂಕಪಟ್ಟಿ ನೋಡಲಿ, ಆಮೇಲೆ ತನ್ನ ದನ ಸಾಕೋ ಇಲ್ಲವೋ ಎಂದು ಅವನೇ ಯೋಚಿಸಲಿ ಎಂದೆ. ಅವಳು ಮರುದಿನವೇ ಊರಿಗೆ ಹೋದಳು.

ಈಗ ಸುದ್ದಿಗೆ ಬರುತ್ತೇನೆ. ಆಗಸ್ಟ್ ಒಂಬತ್ತು, ನಮ್ಮ ದೇಶದ ಮಹಿಳಾ ದಿನದಂದು ನಮ್ಮ ಶೂಟಿಂಗ್ ಕ್ಲಬ್ಬಿನ ದೊಡ್ಡ ಸ್ಪರ್ಧೆ. ಹೋದ ಭಾನುವಾರ ಕಮಿಟಿ ಸಭೆಯಿತ್ತು. ಅಧ್ಯಕ್ಷರು ಯಾರೆಂದು ಕೇಳಬೇಡ, ಊರಿಗೆಲ್ಲ ‘ಓಮ್’, ಅಂದರೆ ಮಾವ, ಆದ ಅದೇ ಓಮ್ ಡಾವೀ, ಅದೇ ಖಾಕಿ ಚಡ್ಡಿ, ಈ ಚಳಿಯಲ್ಲೂ. ಹೆಂಗಸರ ಬಹುಮಾನದ ಕಪ್ಪಿನ ವಿಷಯ ಬಂದಾಗ ಪಟ್ಟಿ ತಿರುವಿ ಹಾಕಿ, "ಮಾರ್ಲೀನ್, ಪುಲೆಂಗ್, ಸುರಯ್ಯಾ, ಕೆದಿಬೋನೆ. ನಾಲ್ಕೇ ಜನ. ನಾನೇನ್ ಮಾಡ್ಲಿ?" ಎಂದರು, ನನ್ನ ಹೆಸರು ಕೊನೆಗೆ. ನಿಯಮ ನಿನಗೆ ಗೊತ್ತೇ ಇದೆ. ಐವರು ಹೆಂಗಸರು ಎಲ್ಲ ಸುತ್ತುಗಳನ್ನೂ ಮುಗಿಸಿದರೆ ಮಾತ್ರ ಹೆಂಗಸರಿಗೆ ಬೇರೆ ಪಟ್ಟಿ, ಬೇರೆ ಕಪ್ಪು. ನಾಲ್ವರೇ ಆದರೆ ನಾವು ಗಂಡಸರ ಪಟ್ಟಿಯ ನಡುವೆ ಎಲ್ಲೋ ಕರಗಿಹೋಗುತ್ತೇವೆ. ಆರು ವರ್ಷಗಳಿಂದ ಆ ಕಪ್ಪು ಕ್ಲಬ್ಬಿನ ಗಾಜಿನ ಕಪಾಟಿನಲ್ಲಿ ಕೂತಿದೆ, ಅದರ ಮೇಲೆ ಒಂದು ಹೆಸರೂ ಕೊರೆದಿಲ್ಲ. "ಬೇಜಾರು ಮಾಡ್ಕೋಬೇಡಿ, ಹೋದ ವರ್ಷದ ಹಾಗೆ ನಿಮಗೆಲ್ಲ ಒಂದೊಂದು ಹ್ಯಾಂಡ್ ಕ್ರೀಮ್ ಕೊಡ್ತೀವಿ" ಎಂದರು ಓಮ್ ಡಾವೀ. ಹೋದ ವರ್ಷದ ಆ ಗುಲಾಬಿ ಡಬ್ಬಿ ನನ್ನ ಚೀಲದಲ್ಲೇ ಇತ್ತು, ಮುಚ್ಚಳ ಸಹ ತೆಗೆದಿರಲಿಲ್ಲ. ಅದನ್ನು ಮೇಜಿನ ಮೇಲೆ ಅವರ ಮುಂದೆ ಇಟ್ಟೆ. "ನಿಮ್ಮ ಮಂಡಿ ಚಳಿಗೆ ಒಡೆದಿದೆ, ಹಚ್ಕೊಳ್ಳಿ" ಎಂದೆ. ಮಾರ್ಲೀನ್ ನಕ್ಕಿದ್ದು ಹೊರಗೆ ಕಾರಿನಲ್ಲಿ ಕೂತಿದ್ದ ಅವಳ ಗಂಡನಿಗೂ ಕೇಳಿಸಿತಂತೆ.

ನಗು ಮುಗಿದ ಮೇಲೆ ಅವರು ಇನ್ನೊಂದು ದಾರಿ ಹೇಳಿದರು. ಅವರ ಹೆಂಡತಿಯ ಹೆಸರನ್ನು ಐದನೆಯದಾಗಿ ಬರೆಯೋಣ, ಆಕೆ ಪ್ರತಿ ಸುತ್ತಿನಲ್ಲಿ ಒಂದು ಗುಂಡು ಗುರಿಗಳ ಹಿಂದಿನ ಮಣ್ಣಿನ ದಿಬ್ಬಕ್ಕೆ ಹೊಡೆದು ಕುರ್ಚಿಯಲ್ಲಿ ಕೂರಲಿ, ಲೆಕ್ಕಕ್ಕೆ ಐದಾಯಿತಲ್ಲ ಎಂದು. ಆ ಹೆಂಗಸು ಒಳ್ಳೆಯವಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವಳು ಪಿಸ್ತೂಲನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಹಿಡಿಯುತ್ತಾಳೆ. ಪುಲೆಂಗ್ ನನ್ನ ಮುಖ ನೋಡಿದಳು, ಒಪ್ಪಿಕೊಳ್ಳೋಣ ಎಂಬ ಆಸೆ ಅವಳ ಕಣ್ಣಲ್ಲಿತ್ತು. ರಾತ್ರಿಪಾಳಿ ಮುಗಿಸಿ ನರ್ಸ್ ಬಟ್ಟೆಯಲ್ಲೇ ಅಭ್ಯಾಸಕ್ಕೆ ಬರುವವಳು, ಅವಳಿಗೆ ಆ ಕಪ್ಪಿನ ಆಸೆ ಇದ್ದರೆ ತಪ್ಪೇನು? ಆದರೂ ನಾನು ಬೇಡ ಎಂದೆ. ಸುಳ್ಳು ಐದರ ಕಪ್ಪು ಗೆದ್ದರೆ, ಅದನ್ನು ನೋಡಿದಾಗಲೆಲ್ಲ ಗಂಡಸರು ನಗುತ್ತಾರೆ, ಮತ್ತು ಆಗ ಅವರು ನಗುವುದು ಸರಿಯಾಗಿಯೇ ಇರುತ್ತದೆ. ಐದನೆಯವಳು ಇದ್ದಾಳೆ, ನಿಜವಾದವಳು, ಸುರಕ್ಷತಾ ಪರೀಕ್ಷೆ ಪಾಸಾದವಳು, ನಿಮ್ಮಲ್ಲಿ ಅರ್ಧ ಜನಕ್ಕಿಂತ ವೇಗವಾಗಿ ಹೊಡೆಯುವವಳು ಎಂದೆ. ಯಾರ ಬಗ್ಗೆ ಹೇಳುತ್ತಿದ್ದೇನೆಂದು ಎಲ್ಲರಿಗೂ ಗೊತ್ತಿತ್ತು.

ಬೊನೊಲೊ, ಹೋದ ವರ್ಷದ ಆ ದಿನದ ಬಗ್ಗೆ ನಾವಿಬ್ಬರೂ ಮಾತಾಡಿಯೇ ಇಲ್ಲ. ಅಂದು ಮೊದಲ ಬಾರಿಗೆ ನಾವು ಐವರಿದ್ದೆವು. ನಾಲ್ಕು ಸುತ್ತು ಮುಗಿದಾಗ ನೀನೇ ಮುಂದೆ, ನಿನ್ನ ಹಿಂದೆ ಮಾರ್ಲೀನ್, ನಾನು ಮೂರನೆಯವಳು. ಐದನೆಯ ಸುತ್ತಿನಲ್ಲಿ ನೀನು ಹೊಡೆಯುವಾಗ ಸರದಿಯಂತೆ ಟೈಮರ್ ಹಿಡಿದು ಸುರಕ್ಷತೆ ನೋಡುವ ರೇಂಜ್ ಆಫೀಸರ್ ನಾನು. ಮೊದಲ ಮೂರು ರಟ್ಟಿನ ಗುರಿಗಳಿಗೆ ನೀನು ಹೊಡೆದದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ, ಒಂದು ಗುಂಡಿನ ಸದ್ದು ಆರುವ ಮುಂಚೆ ಇನ್ನೊಂದು. ಎಷ್ಟು ಚೆನ್ನಾಗಿ ಓಡಿದೆ ನೀನು! ಆದರೆ ನೀನು ಎಡಚಿ. ಎಡದಿಂದ ಬಲಕ್ಕೆ ಓಡುತ್ತ ಮ್ಯಾಗಜೀನ್ ಬದಲಿಸುವಾಗ ಎಡಚರ ನಳಿಕೆ ತಾನಾಗಿಯೇ ಹಿಂದಕ್ಕೆ ಹೊರಳುತ್ತದೆ. ಮಣ್ಣಿನ ದಿಬ್ಬಕ್ಕೆ ಸಮಾನಾಂತರವಾಗಿ ಮನಸ್ಸಿನಲ್ಲೇ ಎಳೆದುಕೊಂಡ ಗೆರೆಯನ್ನು ನಳಿಕೆ ದಾಟಬಾರದು ಎಂದು ನಿನಗೆ ಹದಿನೆಂಟನೆಯ ವಯಸ್ಸಿನಿಂದ ಹೇಳಿಕೊಂಡು ಬಂದಿದ್ದೇನೆ. ಅಂದು ದಾಟಿತು. ಒಂದು ಗೇಣು. ನಾನು "ಸ್ಟಾಪ್" ಎಂದು ಕೂಗಿದೆ. ಹಾಸ್ಟೆಲಿನ ಗಂಟಲು ಅದು, ಪಕ್ಕದ ರೇಂಜಿನವರೂ ನಿಂತರು. ನಿನ್ನ ಹೆಸರಿನ ಮೇಲೆ ಗೆರೆ ಎಳೆದವಳು ನಾನೇ. ಐವರು ನಾಲ್ವರಾದೆವು, ಕಪ್ಪು ಮತ್ತೆ ಕಪಾಟಿಗೆ ಹೋಯಿತು.

ಆಮೇಲೆ ಯಾರು ಏನೆಂದರು ಎಂಬುದೂ ನೆನಪಿದೆ. ಮಾರ್ಲೀನ್ ಟೋಪಿ ತೆಗೆದು ನೆಲಕ್ಕೆ ಎಸೆದು "ಐದು ವರ್ಷ ಕಾದಿದ್ವಲ್ಲೇ ಮಾರಾಯ್ತಿ!" ಎಂದಳು. ಓಮ್ ಡಾವೀ ನನ್ನ ಕಿವಿಯ ಹತ್ತಿರ ಬಂದು "ಅರ್ಧ ಸೆಕೆಂಡು ಕಣಮ್ಮ, ಅದೂ ಸ್ವಂತ ಮಗಳು, ಯಾರು ನೋಡ್ತಿದ್ರು?" ಎಂದರು. ನೀನು ಮಾತ್ರ ಪಿಸ್ತೂಲನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, ಎಲ್ಲರ ಮುಂದೆ, "ನೀನು ಅಮ್ಮ ಅಲ್ಲ, ಬರೀ ಒಂದು ಸೀಟಿ. ಬೇರೆಯವ್ರ ಮಗಳಾಗಿದ್ರೆ ಸುಮ್ನಿರ್ತಿದ್ದೆ" ಎಂದೆ. ಮರುವಾರವೇ ವರ್ಗಾವಣೆ ಕೇಳಿ ಹೊರಟೆ.

ಕ್ಷಮೆ ಕೇಳಲು ಈ ಕಾಗದ ಬರೆಯುತ್ತಿದ್ದೇನೆ ಎಂದುಕೊಂಡಿದ್ದರೆ ಇಲ್ಲಿಗೇ ಮಡಚಿಡು. ನಾನು ಕೇಳುವುದಿಲ್ಲ. ನಾಳೆ ಅದೇ ಆದರೂ ಅಷ್ಟೇ ಜೋರಾಗಿ ಕೂಗುತ್ತೇನೆ. ಬೇರೆಯವರ ಮಗಳಾಗಿದ್ದರೂ ಕೂಗುತ್ತಿದ್ದೆ, ಓಮ್ ಡಾವೀಯಾಗಿದ್ದರೂ ಕೂಗುತ್ತಿದ್ದೆ. ಹೆಂಗಸರು ಬಂದರೆ ಇಲ್ಲಿ ಎಲ್ಲ ಸಡಿಲ ಎಂದು ಹೇಳಲು ಬಾಯಿ ತೆರೆದು ಕಾಯುವವರು ಎಷ್ಟು ಜನ! ಅವರಿಗೆ ಆ ಮಾತು ನನ್ನ ಕಡೆಯಿಂದ ಸಿಗುವುದಿಲ್ಲ. ನನಗೆ ನೋವಾಗಲಿಲ್ಲವೇ ಎಂದರೆ ಆಯಿತು. ಅಂದು ಸಂಜೆ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆದರೆ ಅತ್ತದ್ದು ಕೂಗಿದ್ದಕ್ಕಲ್ಲ, ನೀನು ಹಾಗೆ ಅಂದು ಹೋದದ್ದಕ್ಕೆ.

ನೀನು ಹೋದ ಮೇಲೆ ನಡೆದ ಒಂದು ಸಂಗತಿಯನ್ನು ಅಪ್ಪ ಹೇಳಿರಲಾರರು. ಏಪ್ರಿಲ್ ಸ್ಪರ್ಧೆಯಲ್ಲಿ ನನ್ನ ಪಿಸ್ತೂಲಿನಲ್ಲಿ ಗುಂಡು ಸಿಕ್ಕಿಕೊಂಡಿತು. ಅದನ್ನು ಕೆಡವುವ ಅವಸರದಲ್ಲಿ ನನ್ನ ಬೆರಳು ಟ್ರಿಗರಿನ ಮೇಲೆಯೇ ಇತ್ತು. ಆಫೀಸರ್ ನನ್ನ ಆಚೆ ಬದಿಯಲ್ಲಿದ್ದ, ಅವನಿಗೆ ಕಾಣಲಿಲ್ಲ, ಬೇರೆ ಯಾರಿಗೂ ಕಾಣಲಿಲ್ಲ. ನಾನು ನಿಂತೆ, ಪಿಸ್ತೂಲು ಖಾಲಿ ಮಾಡಿ ತೋರಿಸಿದೆ, ನನ್ನ ಹೆಸರು ಹೊಡೆದುಹಾಕಿ ಎಂದೆ. "ಯಾರೂ ನೋಡಿಲ್ಲವಲ್ಲ" ಎಂದರು ಓಮ್ ಡಾವೀ. ನಾನು ನೋಡಿದ್ದೇನಲ್ಲ ಎಂದೆ. ಆಮೇಲೆ ಕ್ಲಬ್ಬಿನ ಪದ್ಧತಿ ಬಿಟ್ಟೀತೇ? ಹೊರಬಿದ್ದವರು ಮನೆಗೆ ಓಡುವಂತಿಲ್ಲ. ಸಂಜೆಯವರೆಗೆ ಉಳಿದವರ ಗುರಿಗಳ ತೂತಿಗೆ ಸ್ಟಿಕ್ಕರ್ ಅಂಟಿಸಬೇಕು, ಮುಂದಿನ ಸ್ಪರ್ಧೆಗೆ ಎಲ್ಲರಿಗೂ ಮಗ್ವಿನ್ಯದ ಹಿಟ್ಟಿನ ಉಂಡೆ ಕರಿದು ತರಬೇಕು. ಅಂಟಿಸಿದೆ. ಮೇ ತಿಂಗಳಲ್ಲಿ ನಲವತ್ತೆರಡು ಜನಕ್ಕೆ ಕರಿದೆ. ಹಿಟ್ಟು ಸರಿಯಾಗಿ ಉಬ್ಬಲಿಲ್ಲ. ಇವುಗಳನ್ನು ದಿಬ್ಬದ ಮುಂದೆ ನೇತುಹಾಕಿದರೆ ಒಂಬತ್ತು ಎಂಎಂ ಗುಂಡೂ ದಾಟುವುದಿಲ್ಲ ಎಂದು ಸುರಯ್ಯಾ ಹೇಳಿದಳು. ಆದರೂ ಒಂದೂ ಉಳಿಯಲಿಲ್ಲ.

ನಿನ್ನ ಪಾಲಿನ ಮಗ್ವಿನ್ಯ ಹಾಗೇ ಬಾಕಿಯಿದೆ. ಪ್ರತಿ ತಿಂಗಳೂ ಯಾರಾದರೊಬ್ಬರು ಕೇಳುತ್ತಾರೆ, "ನಿಮ್ಮ ಹುಡುಗಿ ಯಾವಾಗ ಕರೀತಾಳೆ?" ಎಂದು. ನಿನ್ನ ಅಪ್ಪ ನಿನ್ನ ಪರವಾಗಿ ತಾವೇ ಕರಿಯುತ್ತೇನೆಂದು ಎಣ್ಣೆಯ ಡಬ್ಬಿ ತಂದಿಟ್ಟಿದ್ದರು. ನಾನು ಬಿಡಲಿಲ್ಲ. ನೀನು ಸತ್ತಿಲ್ಲ, ಕೈ ಮುರಿದುಕೊಂಡಿಲ್ಲ, ನಿನ್ನ ಪರವಾಗಿ ಇನ್ನೊಬ್ಬರು ಯಾಕೆ? ಎಣ್ಣೆ ಅಲಮಾರಿಯಲ್ಲೇ ಇದೆ.

ನೀನು ಪಿಸ್ತೂಲು ಮಾರಿಲ್ಲ ಎಂಬುದೂ ನನಗೆ ಗೊತ್ತು. ದಿನಾ ಕೆಲಸದಿಂದ ಬಂದು ಕೋಣೆಯಲ್ಲಿ ಖಾಲಿ ಪಿಸ್ತೂಲು ಹಿಡಿದು ಎಡದಿಂದ ಬಲಕ್ಕೆ, ಎಡದಿಂದ ಬಲಕ್ಕೆ ನಡೆಯುತ್ತೀಯಂತೆ, ಗೋಡೆಗೆ ದಾರ ಕಟ್ಟಿದ್ದೀಯಂತೆ, ನಳಿಕೆ ದಾರ ದಾಟದ ಹಾಗೆ. ಅಪ್ಪನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಉಪ್ಪು ಕೇಳುವ ನೆಪದಲ್ಲಿ ಎಲ್ಲ ಹೇಳಿಬಿಡುತ್ತಾರೆ. ಅದನ್ನು ಕೇಳಿದ ದಿನ ನಾನು ಎರಡು ತಟ್ಟೆ ಊಟ ಮಾಡಿದೆ. ಮೊನ್ನೆ ಭಾನುವಾರ ಓಮ್ ಡಾವೀ ಮುಂದೆಯೇ ಪೆನ್ನು ಕೇಳಿ ಪಟ್ಟಿಯಲ್ಲಿ ಐದನೆಯ ಹೆಸರು ಬರೆದೆ. ಪೆನ್ಸಿಲಿನಲ್ಲಲ್ಲ. ನಿನ್ನನ್ನು ಕೇಳದೆ ಬರೆದದ್ದು ತಪ್ಪು ಎನ್ನುತ್ತೀಯ, ಅನ್ನು. ಬೈಯುವುದಕ್ಕಾದರೂ ಬಾ. ನನ್ನ ಮೇಲಿನ ಸಿಟ್ಟು ಬಿಟ್ಟು ಬರಬೇಕೆಂದೇನೂ ಇಲ್ಲ, ಅದನ್ನೂ ಚೀಲದಲ್ಲಿ ಹಾಕಿಕೊಂಡೇ ಬಾ. ಆದರೆ ಸುತ್ತುಗಳನ್ನೆಲ್ಲ ಮುಗಿಸಿ ಹೋಗು. ಆ ಕಪ್ಪಿನ ಮೇಲೆ ಮಾರ್ಲೀನಳ ಹೆಸರು ಬಂದರೂ ಸರಿ, ನಿನ್ನದು ಬಂದರೂ ಸರಿ, ಒಬ್ಬ ಹೆಂಗಸಿನ ಹೆಸರನ್ನು ಅದರಲ್ಲಿ ಕೊರೆಯಲೇಬೇಕು.

ಮೊಣಕಾಲಿಗೆ ಬಿಸಿ ಉಪ್ಪಿನ ಶಾಖ ಕೊಡು. ಒಲೆಯ ಮುಂದೆ ನಿಂತೇ ಊಟ ಮಾಡುವ ಅಭ್ಯಾಸ ಬಿಡು. ನಮ್ಮ ಹಿರಿಯರು ನಿನ್ನ ಹಿಂದೆ ನಿಂತಿರಲಿ, ಕೈ ನಡುಗದಿರಲಿ, ಕಣ್ಣು ಕದಲದಿರಲಿ.

ನಿನ್ನ ಅಮ್ಮ,
ಮತ್ತು ನೀನೇ ಇಟ್ಟ ಹೆಸರಿನಂತೆ, ಸೀಟಿ,
ಕೆದಿಬೋನೆ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಬೆಳಗಾಯಿತು, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಂದು ವರದಿಯಲ್ಲಿ "ಗೆರೆ ದಾಟಿದ್ದು" ಎಂದಷ್ಟೇ ಬರೆದೆ. ನಳಿಕೆ ಯಾವ ಕಡೆ ಹೊರಳಿತು ಎಂದು ಬರೆಯಲಿಲ್ಲ, ಯಾರಿಗೂ ಹೇಳಲಿಲ್ಲ. ನೋಡುವವರ ಹಗ್ಗದ ಹಿಂದೆ ಕಂದು ಟೋಪಿ ಹಾಕಿಕೊಂಡು, ನಿನಗಾಗಿ ತಂಪು ನೀರಿನ ಬಾಟಲಿ ಹಿಡಿದು ನಿನ್ನ ಅಪ್ಪ ನಿಂತಿದ್ದರು. ನಳಿಕೆ ಅವರ ಎದೆಯ ಮೇಲೆ ಹಾದುಹೋಯಿತು. ಅವರಿಗೆ ಇವತ್ತಿಗೂ ಗೊತ್ತಿಲ್ಲ, ಅದಕ್ಕೇ ನನ್ನ ಮೇಲೆ ಸಿಟ್ಟು. ಸಿಟ್ಟು ಇರಲಿ, ನೀನೂ ಅವರಿಗೆ ಹೇಳಬೇಡ. ಈ ಸಲದ ಐದನೆಯ ಸುತ್ತನ್ನು ನಾನೇ ಯೋಜಿಸಿದ್ದೇನೆ, ಎಡದಿಂದ ಬಲಕ್ಕೇ ಓಟ, ಟೈಮರ್ ನನ್ನ ಕೈಯಲ್ಲೇ. ನೀನು ಬಂದರೆ ಅದೇ ಜಾಗದಲ್ಲಿ ನಿಂತು ನೋಡುತ್ತೇನೆಂದು ಅಪ್ಪ ಆಗಲೇ ಟೋಪಿ ಒಗೆದು ಒಣಗಿಸಿದ್ದಾರೆ. ನಾನು ಬೇಡ ಎನ್ನಲಿಲ್ಲ.