ನಾನು ಬೀಸಿದ ಕೈ

14 ಆಗಸ್ಟ್ 2007, ಮಂಗಳವಾರ

ಕೋಡುಬಳೆ ಡಬ್ಬಿ ಮೇಜಿನ ಮೇಲೇ ಇದೆ. ಮುಟ್ಟಲು ಮನಸ್ಸಾಗುತ್ತಿಲ್ಲ.

ಸಂಜೆ ಸೆಲೆಟಾರ್‌ನಲ್ಲಿ ಕೆಲಸ ಮುಗಿಸಿ ಕಾರಿನಲ್ಲಿ ಬರುವಾಗ ನಮ್ಮ ಕಾಂಡೋ ಕಟ್ಟಡದ ಎದುರು, ರಸ್ತೆಯ ಆಚೆ ಬದಿ, ಸ್ಕೂಲ್ ಬಸ್ ನಿಂತಿತ್ತು. ಒಹಾಯೋದಲ್ಲಿ ಆರು ವರ್ಷ ಓಡಿಸಿದ ಕಾಲು ತಾನಾಗಿಯೇ ಬ್ರೇಕ್ ಒತ್ತಿತು. ಅಲ್ಲಿ ಸ್ಕೂಲ್ ಬಸ್ ನಿಂತರೆ ಎದುರಿನವರೂ ನಿಲ್ಲಬೇಕು. ಈ ದೇಶದಲ್ಲಿ ಹಾಗೆ ನಿಂತವನು ನಾನೊಬ್ಬನೇ. ಮೇಲಿನ ಮನೆಯ ಪುಟ್ಟ ಚಾರ್ವಿ ಬಸ್ಸಿಳಿದು ನನ್ನತ್ತ ನೋಡಿದಳು. ಬಾ ಎಂದು ಕೈ ಬೀಸಿದೆ. ಓಡಿದಳು. ನನ್ನ ಹಿಂದಿನಿಂದ ಬಂದು ಕಾರಿನ ಎಡಬದಿಯಲ್ಲಿ ನುಗ್ಗಿದ ಬೈಕು ಅವಳ ನೀರಿನ ಬಾಟಲಿಯನ್ನು ಕಿತ್ತುಕೊಂಡು ಹೋಯಿತು. ಬಾಟಲಿಯನ್ನಷ್ಟೇ.

ಎಂಟು ಗಂಟೆಗೆ ಅವಳಮ್ಮ ಪ್ರಿಯಂವದಾ ಡಬ್ಬಿ ಹಿಡಿದು ಬಂದರು. "ಬಸ್ ಅಂಕಲ್ ಎಲ್ಲಾ ಹೇಳಿದ್ರು. ನೀವು ಕಾರ್ ಸ್ಟಾಪ್ ಮಾಡಿದ್ದಕ್ಕೇ ಇವ್ಳು ಬಚಾವಾದ್ಲು."

"ಅಂಕಲ್ ಕೈ ತೋರ್ಸಿದ್ರು ಲಾ, ಅದಕ್ಕೇ ಓಡ್ದೆ," ಎಂದಳು ಚಾರ್ವಿ, ಇಲ್ಲಿನ ಮಕ್ಕಳಂತೆ ಮಾತಿಗೊಂದು 'ಲಾ' ಸೇರಿಸಿ.

ಪ್ರಿಯಂವದಾ ನಕ್ಕರು. "ನೋಡಿ, ನಿಮ್ಮನ್ನ ಎಷ್ಟು ನಂಬ್ತಾಳೆ!"

ನಾನೂ ನಕ್ಕೆ. ಹೇಡಿ. ಕೈ ಬೀಸುವ ಮೊದಲು ಒಮ್ಮೆ ಕನ್ನಡಿ ನೋಡಿದ್ದರೆ ಬೈಕು ಕಾಣುತ್ತಿತ್ತು. ನೋಡಲಿಲ್ಲ ಎಂದು ಹೇಳದೆ ಡಬ್ಬಿ ತೆಗೆದುಕೊಂಡೆ.

ನಾಳೆ ಸಂಜೆ ಮತ್ತೆ ಅದೇ ಬಸ್ಸು. ಇಳಿದವಳು ರಸ್ತೆ ನೋಡುವ ಮೊದಲು ಯಾವುದೋ ಕಾರಿನೊಳಗೆ ಒಂದು ಕೈ ಹುಡುಕುತ್ತಾಳೆ.